ನಂಬಿಗೆಯೂ ಹಿಡಿಜೋಳವೂ

ಕಷ್ಟಕಾಲದಲ್ಲಿ ದೇವರ ಮೇಲೆ ಭಾರ ಹಾಕಬೇಕೆಂದು ಹಿರಿಯರು ಹೇಳುವರು. ಈ ಮಾತನ್ನು ನಮ್ಮ ನಾಡಿನಲ್ಲಿ ಕೇಳದವರಿಲ್ಲ. ಆದರೆ ಭಾರವನ್ನು ಹಾಕಿದ ಮೇಲೆ ಬರಿದಾದ ಕೈಗಳನ್ನು ಏನು ಮಾಡಬೇಕು? ಮಡಿಲಲ್ಲಿಟ್ಟುಕೊಂಡು ಕೂಡ್ರಬೇಕೋ, ಮತ್ತೊಂದು ಕೆಲಸಕ್ಕೆ ಹಚ್ಚಬೇಕೋ? ಈ ಪ್ರಶ್ನೆಯನ್ನು ನಾವು ಬಹುದಿನಗಳಿಂದ ವಿಚಾರಿಸುತ್ತ ಬಂದಿರುವೆವು. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಮಕ್ಕಳಿಗೆ ವಿದ್ಯೆ ಹೇಳಿ, ಈಗ ನಿವೃತ್ತರಾಗಿ ಸಿಂದಗಿ ಸೀಮೆಯ ಕನ್ನೊಳ್ಳಿಯಲ್ಲಿ ಕಾಲ ಕಳೆಯುತ್ತಿರುವ ನಮಗೆ ತಿಳಿದುಬಂದಷ್ಟನ್ನು ಗೃಹಸ್ಥರಾದ ವಾಚಕರ ಮುಂದೆ ಇಡುವೆವು.

ನಮ್ಮದು ಕ್ರೈಸ್ತ ಮನೆತನ. ತಂದೆಯವರು ಶಾಲೆಯ ಮಾಸ್ತರರಾಗಿ ಈ ಊರಿಗೆ ಬಂದವರು ಇಲ್ಲಿಯೇ ನೆಲೆನಿಂತರು. ನಮಗೆ ಸಂಸ್ಕೃತವನ್ನು ಕಲಿಸಿದವರು ಒಬ್ಬ ವೃದ್ಧ ಶಾಸ್ತ್ರಿಗಳು. ಅವರು ನಮ್ಮ ಮತವಾವುದೆಂದು ಎಂದೂ ಕೇಳಲಿಲ್ಲ. ರಾಮಶಬ್ದವು ಬಾಯಿಪಾಠವಾಯಿತೋ ಇಲ್ಲವೋ ಎಂದಷ್ಟೇ ಕೇಳುತ್ತಿದ್ದರು. ಧಾತುವನ್ನು ವಿಚಾರಿಸದೆ ಶಬ್ದದ ಅರ್ಥವನ್ನು ಒಪ್ಪಬಾರದೆಂಬ ಶಿಸ್ತು ನಮಗೆ ಅವರಿಂದ ಬಂದದ್ದು. ಆದಕಾರಣ ಮೊದಲು ಶಬ್ದವನ್ನೇ ನೋಡೋಣ.

ಕನ್ನಡದ ಕ್ರೈಸ್ತರಲ್ಲಿ ಕೆಲವರು 'ನಂಬಿಕೆ' ಎನ್ನುವರು, ಕೆಲವರು 'ವಿಶ್ವಾಸ' ಎನ್ನುವರು. ವಿಶ್ವಾಸವೆಂಬುದು ಉಸಿರಾಡುವದೆಂಬ ಅರ್ಥವುಳ್ಳ 'ಶ್ವಸ್' ಧಾತುವಿನಿಂದ ಹುಟ್ಟಿದ್ದು. ಭಯವಿಲ್ಲದೆ ನಿರಾಳವಾಗಿ ಉಸಿರುಬಿಡುವದೇ ಅದರ ಮೂಲಭಾವ. 'ಶ್ರದ್ಧಾ' ಎಂಬ ಶಬ್ದವು ಇನ್ನೂ ಹಳೆಯದು. 'ಶ್ರತ್' ಎಂದರೆ ಸತ್ಯವೆಂದು ನಿಘಂಟುಕಾರರು ಹೇಳಿದರು. ಅದು ಹೃದಯವಾಚಕವೆಂದು ಈಚಿನ ಭಾಷಾಶಾಸ್ತ್ರಜ್ಞರು ಹೇಳುವರು. 'ಧಾ' ಎಂದರೆ ಇಡುವದು. ಹೃದಯವನ್ನು ಒಂದೆಡೆಯಲ್ಲಿ ಇಡುವದೇ ಶ್ರದ್ಧೆ. ಲತೀನ್ ಭಾಷೆಯ ಕ್ರೈಸ್ತ ವಿಶ್ವಾಸಪ್ರಮಾಣವು ಯಾವ ಶಬ್ದದಿಂದ ಆರಂಭವಾಗುವದೋ ಆ 'ಕ್ರೇದೋ' ಎಂಬುದೂ ಇದೇ ಮೂಲದಿಂದ ಬಂದದ್ದೆಂದು ವಿದ್ವಾಂಸರು ತಿಳಿಸಿರುವರು. ರೋಮದ ಸಭೆಯೂ ನಮ್ಮ ಋಷಿಗಳೂ ಒಂದೇ ಹಳೆಯ ಮಾತನ್ನು ಆಡಿದರೆಂದು ತಿಳಿದ ದಿನ ನಮಗಾದ ಸಂತೋಷವು ಅಷ್ಟಿಷ್ಟಲ್ಲ. ಇಲ್ಲಿ ಗಮನಿಸತಕ್ಕ ಸಂಗತಿಯೆಂದರೆ, 'ಇಡುವದು' ಕ್ರಿಯಾಪದ. ಅದಕ್ಕೆ ಕರ್ತೃವು ಬೇಕು. ಅವನು ಏನಾದರೂ ಮಾಡಲೇಬೇಕು.

ಯೆಹೂದ್ಯರ ಇಬ್ರಿಯ ಭಾಷೆಯಲ್ಲಿ ನಂಬಿಗೆಗೆ 'ಎಮೂನಾ' ಎಂಬ ಶಬ್ದವುಂಟು. ಪ್ರಾರ್ಥನೆಯ ಕೊನೆಗೆ ನಾವು ಹೇಳುವ 'ಆಮೆನ್' ಕೂಡ ಅದೇ ಧಾತುವಿನದು. ಸ್ಥಿರವಾಗಿರುವದು, ಅಲುಗಾಡದಿರುವದು ಎಂಬುದು ಅದರ ಅರ್ಥ. ಸತ್ಯವೇದದ ವಿಮೋಚನಕಾಂಡದಲ್ಲಿ ಈ ಶಬ್ದವು ಒಂದು ವಿಚಿತ್ರ ಸಂದರ್ಭದಲ್ಲಿ ಬರುವದು. ಅಮಾಲೇಕ್ಯರೊಡನೆ ಯುದ್ಧವು ನಡೆದಾಗ ಮೋಶೆಯು ಗುಡ್ಡದ ಮೇಲೆ ಕೈಯೆತ್ತಿ ನಿಂತಿರುವನು. ಕೈ ಮೇಲಿರುವ ತನಕ ಅವನ ಜನಕ್ಕೆ ಜಯ, ಇಳಿದರೆ ಅಪಜಯ. ಆದರೆ ಮನುಷ್ಯನ ಕೈ ಎಷ್ಟು ಹೊತ್ತು ಮೇಲಿದ್ದೀತು? ಅವು ಸೋತು ಭಾರವಾದಾಗ ಆರೋನನೂ ಹೂರನೂ ಅವನನ್ನು ಕಲ್ಲಿನ ಮೇಲೆ ಕುಳ್ಳಿರಿಸಿ, ಒಬ್ಬನು ಈ ಕಡೆ, ಒಬ್ಬನು ಆ ಕಡೆ ನಿಂತು ಕೈಗಳಿಗೆ ಆಧಾರವಾದರು. ಹೊತ್ತು ಮುಳುಗುವ ವರೆಗೆ ಅವನ ಕೈಗಳು ಸ್ಥಿರವಾಗಿದ್ದವು. ಆ ಸ್ಥಿರತೆಗೆ ಮೂಲದಲ್ಲಿರುವ ಶಬ್ದವೇ ಎಮೂನಾ. ನಂಬಿಗೆಯು ಕೈಯಲ್ಲಿರುವದೆಂದೂ, ಅದು ಸೋಲುವದೆಂದೂ, ಸೋತಾಗ ನೆರೆಯವರ ಆಧಾರದಿಂದ ನಿಲ್ಲುವದೆಂದೂ ಈ ಒಂದು ಪ್ರಯೋಗದಿಂದ ನಾವು ಕಲಿತೆವು.

ಶಬ್ದವಿಚಾರವು ಇಷ್ಟಿರಲಿ. ಶಬ್ದದ ಪರೀಕ್ಷೆಯಾಗುವದು ಬರಗಾಲದಲ್ಲಿ. ನಮ್ಮದು ಎರೆಯ ನಾಡು. ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ, ನಡುವೆ ಉಪ್ಪುನೀರಿನ ಡೋಣಿ. ಕರಿಯ ನೆಲವು ಒಮ್ಮೆ ನೀರು ಕುಡಿದರೆ ತಿಂಗಳುಗಟ್ಟಲೆ ತೇವವನ್ನು ಹಿಡಿದಿಟ್ಟುಕೊಂಡು, ಮುಂದೆ ಮಳೆಯಿಲ್ಲದಿದ್ದರೂ ಹಿಂಗಾರಿಯ ಬಿಳಿಜೋಳವನ್ನು ಬೆಳೆಸುವದು. ಆದರೆ ಉತ್ತರೆ, ಹಸ್ತಗಳ ಮಳೆಗಳು ಕೈಕೊಟ್ಟರೆ ಅದೇ ನೆಲವು ಮೊಣಕಾಲುದ್ದ ಬಿರುಕು ಬಿಟ್ಟು ಬಾಯ್ದೆರೆಯುವದು. ಒಂದು ಹಂಗಾಮು ತಪ್ಪಿದರೆ ಒಕ್ಕಲಿಗನು ಸಾಲಕ್ಕೆ ಬೀಳುವನು. ಎರಡು ತಪ್ಪಿದರೆ ಗುಳೆ ಹೊರಡುವನು. ಮೂರು ತಪ್ಪಿದರೆ ಏನಾಗುವದೆಂಬದು ನಮ್ಮ ಜಿಲ್ಲೆಯ ಇತಿಹಾಸದಲ್ಲಿ ಬರೆದಿದೆ.

ಧಾತು-ಈಶ್ವರ ಸಂವತ್ಸರಗಳ ಬರವೆಂದು ಹೆಸರಾದ ೧೮೭೬-೭೮ರ ಕ್ಷಾಮವು ಅಂತಹದು. ಆಗ ಈ ಜಿಲ್ಲೆಗೆ ಕಲಾದಗಿ ಜಿಲ್ಲೆಯೆಂದು ಹೆಸರು. ೧೮೭೨ರ ಖಾನೇಷುಮಾರಿಯಲ್ಲಿ ಎಂಟು ಲಕ್ಷಕ್ಕೂ ಮೇಲಿದ್ದ ಜನಸಂಖ್ಯೆಯು ೧೮೮೧ರಲ್ಲಿ ಆರೂವರೆ ಲಕ್ಷಕ್ಕೂ ಕೆಳಗಿಳಿದಿತ್ತು. ಸತ್ತವರೆಷ್ಟೋ, ಊರುಬಿಟ್ಟವರೆಷ್ಟೋ! ಸರಕಾರವು ಕಾಮಗಾರಿಗಳನ್ನು ತೆಗೆದಿತ್ತು ನಿಜ. ಆದರೆ ೧೮೭೭ರ ಆರಂಭದಲ್ಲಿ ಸರ್ ರಿಚರ್ಡ ಟೆಂಪಲ್ ಎಂಬ ಅಧಿಕಾರಿಯು ಗಂಡಾಳಿನ ದಿನಗೂಲಿಯನ್ನು ಒಂದು ರತ್ತಲು ಧಾನ್ಯ, ಮೇಲೊಂದು ಆಣೆ ಎಂಬಷ್ಟಕ್ಕೆ ಇಳಿಸಿದನು. ಒಂದು ರತ್ತಲೆಂದರೆ ಈಗಿನ ತೂಕದಲ್ಲಿ ಅರ್ಧ ಕಿಲೋಗಿಂತ ಕಡಿಮೆ. ಅಷ್ಟನ್ನು ಉಂಡು ದಿನವೆಲ್ಲ ಮಣ್ಣು ಹೊರಬೇಕು. ಕೊಟ್ಟೂ ಕೊಡದಂತಹ ಆ ಲೆಕ್ಕವನ್ನು ಓದಿದಾಗಲೆಲ್ಲ ನಮಗೆ ಯಾಕೋಬನ ಪತ್ರಿಕೆಯು ನೆನಪಾಗುವದು. ಹಸಿದವನಿಗೆ ಏನನ್ನೂ ಕೊಡದೆ, ಹೊಟ್ಟೆ ತುಂಬಿಸಿಕೋ ಎಂದು ಹರಸಿ ಕಳಿಸಿದರೆ ಫಲವೇನೆಂದು ಅವನು ಕೇಳುವನು. ಕ್ರಿಯೆಯಿಲ್ಲದ ನಂಬಿಗೆಯು ಸತ್ತದ್ದೆಂದು ತೀರ್ಪು ಕೊಡುವನು.

ನಮ್ಮ ಮುತ್ತಜ್ಜಿಯು ಆ ಬರದ ಕೂಸು. ಅವಳಿಗೆ ಆಗ ಆರೋ ಏಳೋ ವರ್ಷ. ತಂದೆತಾಯಿಗಳ ಹೆಸರು ಅವಳಿಗೆ ನೆನಪಿರಲಿಲ್ಲವಂತೆ. ದಾರಿಯಲ್ಲಿ ಯಾರದೋ ಸೆರಗನ್ನು ಹಿಡಿದು ನಡೆದದ್ದು, ಆ ಸೆರಗಿನವಳು ಕುಳಿತವಳು ಮತ್ತೆ ಏಳದಿದ್ದುದು, ಇಷ್ಟು ಮಾತ್ರ ನೆನಪಿತ್ತಂತೆ. ಅವಳನ್ನು ಎತ್ತಿಕೊಂಡು ಹೋಗಿ ಸಾಕಿದವರು ಬಾಸೆಲ್ ಮಿಶನ್ನಿನವರು. ಈ ಮಿಶನ್ನು ೧೮೩೪ರಲ್ಲಿ ಮಂಗಳೂರಿಗೆ ಬಂದು, ಮುಂದೆ ೧೮೩೭ರಲ್ಲಿ ಧಾರವಾಡ, ೧೮೩೯ರಲ್ಲಿ ಹುಬ್ಬಳ್ಳಿ, ೧೮೪೧ರಲ್ಲಿ ಬೆಟಗೇರಿ, ೧೮೫೧ರಲ್ಲಿ ಗುಳೇದಗುಡ್ಡಗಳಲ್ಲಿ ಠಾಣ್ಯ ಹೂಡಿತ್ತು. ನಮ್ಮ ವಾಚಕರು ಈ ಮಿಶನ್ನನ್ನು ೧೮೪೩ರ 'ಮಂಗಳೂರ ಸಮಾಚಾರ'ದಿಂದಲೂ, ೧೮೯೪ರಲ್ಲಿ ಅಚ್ಚಾದ ಕಿಟ್ಟೆಲ್ ಪಂಡಿತರ ನಿಘಂಟಿನಿಂದಲೂ ಬಲ್ಲರು. ಅವರು ಮಗ್ಗಗಳನ್ನು ಹಾಕಿಸಿದರು. ೧೮೬೫ರಲ್ಲಿ ಮಂಗಳೂರ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆಗೆದರು. ಬೋಧಕರಿಗೆ ಹೆಂಚಿನ ಗೊಡವೆಯೇಕೆಂದು ಕೇಳಬಹುದು. ಮತಾಂತರದಿಂದ ಕುಲಕಸಬನ್ನೂ ನೆಂಟರ ಆಸರೆಯನ್ನೂ ಕಳೆದುಕೊಂಡವರಿಗೆ ದುಡಿದು ಉಣ್ಣುವ ದಾರಿಯನ್ನು ತೋರಿಸದೆ ಬರಿಯ ಪ್ರಾರ್ಥನೆಯನ್ನು ಕಲಿಸುವದು ಅನ್ಯಾಯವೆಂದು ಅವರು ಅರಿತಿದ್ದರು.

ಹೊಟ್ಟೆಗಾಗಿ ಮತ ಬಿಟ್ಟವರೆಂದು ಬರಗಾಲದ ಕ್ರೈಸ್ತರನ್ನು ಹಳಿದವರುಂಟು. ನಾವು ಶಾಲೆಯಲ್ಲಿ ಕಲಿಯುವಾಗ ಈ ಮಾತನ್ನು ಮುಖಕ್ಕೆ ಮುಖ ಕೇಳಿರುವೆವು. ಈಗ ಅದರಿಂದ ನಮಗೆ ಸಿಟ್ಟು ಬರುವದಿಲ್ಲ. ಏಳು ವರ್ಷದ ಕೂಸು ಮತವನ್ನು ವಿಚಾರಿಸಲಿಲ್ಲ, ಅಂಬಲಿಯನ್ನು ಕುಡಿಯಿತು. ಅದರಲ್ಲಿ ಲಜ್ಜೆಪಡತಕ್ಕದ್ದೇನೂ ಇಲ್ಲ. ಅಂಬಲಿಯನ್ನು ಕುಡಿದವಳು ದೊಡ್ಡವಳಾದ ಮೇಲೆ ಏನು ಮಾಡಿದಳೆಂಬುದೇ ನೋಡತಕ್ಕ ಮಾತು.

೧೮೯೯-೧೯೦೦ರಲ್ಲಿ ಮತ್ತೊಂದು ಕ್ಷಾಮವು ಬಂದಿತು. ಆಗ ನಮ್ಮ ಮುತ್ತಜ್ಜಿಯು ಮೂವತ್ತರ ಹೆಂಗಸು, ನಾಲ್ಕು ಮಕ್ಕಳ ತಾಯಿ. ಬೀಸುವ ಕಲ್ಲಿಗೆ ಕೂಡ್ರುವ ಮುಂಚೆ ಅವಳು ಪ್ರತಿದಿನ ಒಂದು ಹಿಡಿ ಜೋಳವನ್ನು ತೆಗೆದು ಬೇರೊಂದು ಗಡಿಗೆಯಲ್ಲಿ ಹಾಕುತ್ತಿದ್ದಳು. ಅದು ಮನೆಯವರದಲ್ಲ, ಬಾಗಿಲಿಗೆ ಬಂದವರದು. ಗಡಿಗೆಯು ತುಂಬಿದ್ದಾಗ ಒಂದು ಹಿಡಿ, ತಳ ಕಂಡಾಗಲೂ ಒಂದು ಹಿಡಿ. ಮನೆಯಲ್ಲಿಯೇ ಇಲ್ಲದಾಗ ಹೊರಗಿನವರಿಗೇಕೆಂದು ಗಂಡನು ಗದರಿದರೆ, "ನನ್ನನ್ನ ಎತ್ಕೊಂಡವರು ತಮ್ಮ ಹೊಟ್ಟಿ ಅಳತಿ ನೋಡಿ ಎತ್ಕೊಂಡಿದ್ರ ನಾ ಎಲ್ಲಿರ್ತಿದ್ದೆ?" ಎಂದು ಕೇಳುತ್ತಿದ್ದಳಂತೆ. ಚಾರೆಪ್ತಾ ಊರಿನ ವಿಧವೆಯ ಕಥೆಯು ಅವಳಿಗೆ ಅಚ್ಚುಮೆಚ್ಚು. ಬರಗಾಲದಲ್ಲಿ ಆ ವಿಧವೆಯ ಬಳಿ ಒಂದು ಹಿಡಿ ಹಿಟ್ಟು, ಕೊಂಚ ಎಣ್ಣೆ ಮಾತ್ರ ಉಳಿದಿದ್ದವು. ತಾನೂ ಮಗನೂ ಅದನ್ನುಂಡು ಸಾಯಬೇಕೆಂದು ಸೌದೆ ಆಯುತ್ತಿರುವಾಗ ಪ್ರವಾದಿಯಾದ ಎಲೀಯನು ಬಂದು ಮೊದಲ ರೊಟ್ಟಿಯನ್ನು ತನಗೆ ಕೊಡೆಂದನು. ಅವಳು ಕೊಟ್ಟಳು. ಮಡಕೆಯ ಹಿಟ್ಟು ತೀರಲಿಲ್ಲ. ಮುತ್ತಜ್ಜಿಗೆ ಈ ಕಥೆಯಲ್ಲಿ ಹಿಟ್ಟು ತೀರದ ಅದ್ಭುತವು ಮುಖ್ಯವಲ್ಲವಂತೆ. ತೀರುವ ಹಿಟ್ಟಿನಿಂದ ಮೊದಲ ರೊಟ್ಟಿ ತಟ್ಟಿದ ಆ ಕೈಯೇ ಮುಖ್ಯವಂತೆ.

ಆಸರೆ ಕೊಟ್ಟವರೂ ಒಂದು ದಿನ ನಿರಾಶ್ರಿತರಾಗುವರೆಂಬುದನ್ನೂ ಅವಳು ಕಂಡಳು. ೧೯೧೪ರಲ್ಲಿ ಮಹಾಯುದ್ಧವು ಆರಂಭವಾದಾಗ ಬಾಸೆಲ್ ಮಿಶನ್ನಿನ ಜರ್ಮನ್ ಪಾದ್ರಿಗಳನ್ನು ಶತ್ರುದೇಶದವರೆಂದು ಬ್ರಿಟಿಶ್ ಸರಕಾರವು ಬಂಧನದಲ್ಲಿರಿಸಿ, ಮುಂದೆ ಹಡಗು ಹತ್ತಿಸಿ ಕಳಿಸಿತು. ಕಾರ್ಖಾನೆಗಳು ಮಿಶನ್ನಿನ ಕೈತಪ್ಪಿದವು. ಸಭೆಗಳು ಮುಳುಗುವವೆಂದು ಬಹಳ ಜನ ತಿಳಿದಿದ್ದರು. ಆದರೆ ಕನ್ನಡದ ಬೋಧಕರೂ ಮಾಸ್ತರರೂ ಸಾಮಾನ್ಯ ಗೃಹಸ್ಥರೂ ಸೇರಿ ಗುಡಿಯ ದೀಪವನ್ನೂ ಶಾಲೆಯ ಗಂಟೆಯನ್ನೂ ನಡೆಸಿಕೊಂಡು ಹೋದರು. ಆ ಸಭೆಗಳು ಇಂದಿಗೂ ಧಾರವಾಡ ಕೇಂದ್ರವಾಗುಳ್ಳ ಸಭಾಪ್ರಾಂತದಲ್ಲಿ ಬಾಳಿಕೊಂಡಿರುವವು. ಹಿಡಿದಿದ್ದ ಸೆರಗು ಎರಡನೆಯ ಸಲ ಕೈಬಿಟ್ಟಾಗ ಮುತ್ತಜ್ಜಿಯು ನಿಂತೇ ನಡೆದಳೆಂದು ನಮ್ಮ ಅಜ್ಜನವರು ಹೇಳುತ್ತಿದ್ದರು.

ಗಡಿಗೆಯನ್ನು ನಾವೇ ಕಣ್ಣಾರೆ ಕಂಡು ತಿಳಿದದ್ದು ೧೯೭೨ರ ಬರಗಾಲದಲ್ಲಿ. ನಮಗಾಗ ಏಳೆಂಟು ವರ್ಷ. ಗಂಡು ಹೆಣ್ಣೆನ್ನದೆ ಊರಿನವರೆಲ್ಲ ರಸ್ತೆಯ ಕಾಮಗಾರಿಗೆ ಹೋಗಿ ಕಡಿ ಒಡೆಯುತ್ತಿದ್ದರು. ಬಾವಿಯ ತಳಕ್ಕೆ ಇಳಿದು ಬಟ್ಟಲಿನಿಂದ ನೀರು ಗೋರಿ ತುಂಬುತ್ತಿದ್ದರು. ನಮ್ಮ ತಾಯಿಯವರು ಹಿಡಿಜೋಳವನ್ನು ಬಿಟ್ಟಿರಲಿಲ್ಲ. ನೆರೆಮನೆಯ ಮುದುಕರೊಬ್ಬರು ಕಟ್ಟೆಯ ಮೇಲೆ ಕುಳಿತು ತಂದೆಯವರನ್ನು, "ಮಾಸ್ತರ್ರ, ನೀವು ದಿನಾ ಪ್ರಾರ್ಥನಾ ಮಾಡ್ತೀರಿ. ನಿಮ್ಮ ದೇವರು ಮಳಿ ಯಾವಾಗ ಕೊಡ್ತಾನಂತ್ರಿ?" ಎಂದು ಕೇಳಿದರು. ಅದರಲ್ಲಿ ಕುಚೋದ್ಯವಿರಲಿಲ್ಲ, ಅವರೂ ದಿನಾಲು ಲಿಂಗಪೂಜೆ ಮಾಡುವವರೇ. ತಂದೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಳಿ ಅವನ ಕೆಲಸರಿ, ಅಪ್ಪಾರ. ಅದರ ದಿನಾ ನನಗ ಗೊತ್ತಿಲ್ಲ. ಇವತ್ತಿನ ನನ್ನ ಕೆಲಸ ಏನಂತ ಕೇಳೂದಕ್ಕ ಪ್ರಾರ್ಥನಾ ಮಾಡ್ತೀನಿ" ಎಂದರು. ಮುದುಕರು ತಲೆದೂಗಿ, "ಹಂಗಾದ್ರ ನಮ್ಮ ಬಸವಣ್ಣನೂ ಅದನ್ನ ಹೇಳ್ಯಾನ, ಕಾಯಕಾ ಮಾಡಂತ" ಎಂದರು. ಬಾಗೇವಾಡಿಯು ನಮ್ಮ ಜಿಲ್ಲೆಯದೇ ಅಲ್ಲವೇ? ಈ ನೆಲದಲ್ಲಿ ಹುಟ್ಟಿದ ಯಾವ ಮತವೂ, ಬಂದ ಯಾವ ಮತವೂ ದುಡಿಮೆಯನ್ನು ಬಿಟ್ಟ ಭಕ್ತಿಯನ್ನು ಬಹುಕಾಲ ನಂಬಿ ಬದುಕಲಾರದು. ಎರೆಯ ನೆಲವೇ ಅದನ್ನು ಬಿಡುವದಿಲ್ಲ.

ಇನ್ನು ನಮ್ಮ ಸ್ವಂತದ ಮಾತು. ೨೦೨೦ರ ಮಾರ್ಚಿಯಲ್ಲಿ ರೋಗದ ದೆಸೆಯಿಂದ ದೇಶಕ್ಕೆ ದೇಶವೇ ಬಾಗಿಲು ಹಾಕಿತು. ಗೋವೆ, ಪುಣೆ, ಮುಂಬಯಿಗಳಿಗೆ ದುಡಿಯಲು ಹೋಗಿದ್ದವರು ಗಂಟುಮೂಟೆ ಹೊತ್ತು ಮರಳಿದರು. ನಮ್ಮ ಗೃಹಿಣಿಯು ಗಡಿಗೆಯನ್ನು ಬರಿದು ಮಾಡಿದಳು. ಮರುದಿನ ಓಣಿಯ ಹೆಂಗಸರನ್ನು ಕರೆದು ಪ್ರತಿಯೊಂದು ಮನೆಯಲ್ಲಿಯೂ ಒಂದೊಂದು ಗಡಿಗೆಯನ್ನು ಇಡಿಸಿದಳು. ಅದೇ ವರ್ಷ ಅಕ್ಟೋಬರದಲ್ಲಿ ಭೀಮೆಯು ಉಕ್ಕಿ ಇಂಡಿ, ಸಿಂದಗಿ ಸೀಮೆಗಳ ದಂಡೆಯ ಊರುಗಳಿಗೆ ನೀರು ನುಗ್ಗಿತು. ಆಗ ಓಣಿಯ ಗಡಿಗೆಗಳ ಜೋಳವೆಲ್ಲ ಒಂದೇ ಚೀಲವಾಗಿ ಹೊಳೆಯ ದಂಡೆಗೆ ಹೋಯಿತು. ಅದರಲ್ಲಿ ಯಾರ ಮನೆಯ ಕಾಳು ಯಾವದೆಂದು ಗುರುತಿಸುವ ಉಪಾಯವಿರಲಿಲ್ಲ.

ಮರುವರ್ಷದ ಮೇ ತಿಂಗಳಲ್ಲಿ ಅವಳಿಗೇ ಆ ರೋಗವು ತಗಲಿತು. ಒಂಬತ್ತು ದಿನ ನಾವು ಪ್ರಾರ್ಥಿಸಿದೆವು. ಮಕ್ಕಳು ಪ್ರಾರ್ಥಿಸಿದರು, ನೆರೆಯವರು ಅವರವರ ದೇವರಿಗೆ ಹರಕೆ ಹೊತ್ತರು. ಹತ್ತನೆಯ ದಿನ ಬೆಳಗಿನ ಜಾವದಲ್ಲಿ ಅವಳು ತೀರಿಕೊಂಡಳು. ಮಣ್ಣಿಗೆ ಬಂದವರು ಬೆರಳೆಣಿಕೆಯ ಜನ. ನಮ್ಮ ಪ್ರಾರ್ಥನೆಯು ಯಾಕೆ ಸಲ್ಲಲಿಲ್ಲವೆಂಬುದಕ್ಕೆ ನಮ್ಮಲ್ಲಿ ಉತ್ತರವಿಲ್ಲ. ಅವಳ ಕಾಲ ತುಂಬಿತ್ತು ಎಂದು ಹೇಳಿದವರಿಗೆ ನಾವು ತಲೆಬಾಗಿದೆವು. ಆದರೆ ಆ ಮಾತು ಮನಸ್ಸಿಗೆ ಇಳಿಯಲಿಲ್ಲ. ೧೮೭೭ರಲ್ಲಿ ದಾರಿಯ ಬದಿಗೆ ಕುಳಿತು ಏಳದ ಆ ತಾಯಿಯೂ ತನ್ನ ದೇವರನ್ನು ಕರೆದೇ ಇರಬೇಕಲ್ಲವೆ? ನಂಬಿದವರಿಗೆ ಕಷ್ಟವು ತಪ್ಪುವದೆಂದು ಹೇಳುವವರು ಶಿಲುಬೆಯನ್ನು ನೋಡಿಲ್ಲ. ಅಲ್ಲಿ ದೇವರ ಮಗನೇ, ನನ್ನನ್ನೇಕೆ ಕೈಬಿಟ್ಟೆಯೆಂದು ಕೂಗಿದನು. ಕೂಗಿದ್ದು ಯಾರನ್ನು? ಅದೇ ತಂದೆಯನ್ನು. ಉತ್ತರವಿಲ್ಲದಾಗಲೂ ಮುಖವನ್ನು ಬೇರೆ ಕಡೆಗೆ ತಿರುಗಿಸದೆ ಅವನನ್ನೇ ಕೇಳುವದು ಕೂಡ ನಂಬಿಗೆಯೆಂದು ಆ ದಿನಗಳಲ್ಲಿ ನಮಗೆ ತಿಳಿಯಿತು.

ಆಗ ನಮ್ಮ ಕೈಗಳು ಸೋತಿದ್ದವು. ನಮಗೂ ರೋಗವಿದ್ದುದರಿಂದ ಮನೆಯ ಹೊರಗೆ ಬರುವಂತಿರಲಿಲ್ಲ. ಬಲಕ್ಕಿನ ಲಿಂಗಾಯತ ಮನೆಯವರೂ ಎಡಕ್ಕಿನ ಮುಸಲ್ಮಾನ ಮನೆಯವರೂ ಸರದಿಯಂತೆ ರೊಟ್ಟಿ-ಪಲ್ಲೆಗಳನ್ನು ಬುಟ್ಟಿಯಲ್ಲಿ ತಂದು ಕಟ್ಟೆಯ ಮೇಲಿಟ್ಟು, ದೂರ ಸರಿದು ನಿಂತು, "ಮಾಸ್ತರ್ರ, ಉಣ್ರಿ" ಎಂದು ಕೂಗುತ್ತಿದ್ದರು. ನಾವು ಬಂದು ಬುಟ್ಟಿಯನ್ನು ತೆಗೆದುಕೊಳ್ಳುವ ತನಕ ಅವರು ಕದಲುತ್ತಿರಲಿಲ್ಲ. ಹದಿನೈದು ದಿನ ಹೀಗೆ ನಡೆಯಿತು. ಆರೋನನೂ ಹೂರನೂ ಯಾರೆಂದು ಯಾರಾದರೂ ಈಗ ನಮ್ಮನ್ನು ಕೇಳಿದರೆ ಎರಡು ಮನೆಗಳನ್ನು ತೋರಿಸುವೆವು.

ಹದಿನಾರನೆಯ ದಿನ ನಾವೇ ಗಿರಣಿಗೆ ಜೋಳ ಕಳಿಸಲು ಚೀಲವನ್ನು ಬಿಚ್ಚಿದೆವು. ಗಡಿಗೆಯು ಮೂಲೆಯಲ್ಲಿ ಬರಿದಾಗಿ ಕುಳಿತಿತ್ತು. ಅದರಲ್ಲಿ ಒಂದು ಹಿಡಿಯನ್ನು ಹಾಕಿದೆವು. ಆ ದಿನಗಳಲ್ಲಿ ನಮ್ಮ ಬಾಯಿಗೆ ಪ್ರಾರ್ಥನೆಯ ಮಾತುಗಳು ಬರುತ್ತಿರಲಿಲ್ಲ. ಅಷ್ಟು ಸಂಸ್ಕೃತ ಕಲಿತ ನಾಲಗೆಯು ಒಂದು ವಾಕ್ಯವನ್ನೂ ಕೂಡಿಸದಾಯಿತು. ಹಿಡಿ ಜೋಳ ಹಾಕಿದ್ದೇ ಅಂದಿನ ಪ್ರಾರ್ಥನೆಯೆಂದು ನಾವು ತಿಳಿದಿರುವೆವು. ಮಾತುಗಳು ಕೆಲವು ತಿಂಗಳ ಮೇಲೆ ತಾವಾಗಿಯೇ ಮರಳಿದವು. ಶಾಲೆಗಳು ಮುಚ್ಚಿದ್ದ ಆ ದಿನಗಳಲ್ಲಿ ಓಣಿಯ ಮಕ್ಕಳನ್ನು ಬೇವಿನ ಕಟ್ಟೆಗೆ ಕರೆದು ಮಗ್ಗಿ ಹೇಳಿಸತೊಡಗಿದೆವು. ದುಃಖವು ಹೋಗಲಿಲ್ಲ, ಆದರೆ ಅದಕ್ಕೆ ಕುಳಿತುಕೊಳ್ಳಲು ನಮ್ಮ ಮನೆಯಲ್ಲಿ ಇಡೀ ದಿನವು ದೊರೆಯದಾಯಿತು.

ಇದೆಲ್ಲದರಿಂದ ನಾವು ತಿಳಿದದ್ದಿಷ್ಟು. ನಂಬಿಗೆಯು ಮೊದಲು ಮನಸ್ಸಿನಲ್ಲಿ ತುಂಬಿ ಆಮೇಲೆ ಕೈಗಿಳಿಯುವದೆಂದು ಸಾಮಾನ್ಯವಾಗಿ ಭಾವಿಸುವರು. ಸುಖಕಾಲದಲ್ಲಿ ಹಾಗಿರಬಹುದು. ಕಷ್ಟಕಾಲದಲ್ಲಿ ಮನಸ್ಸು ಬರಿದಾಗುವದು. ಆಗ ಕೈಯು ತನಗೆ ರೂಢಿಯಾದ ಒಳ್ಳೆಯ ಕೆಲಸವನ್ನು ಮಾಡುತ್ತ ಹೋದರೆ ಮನಸ್ಸು ನಿಧಾನವಾಗಿ ಅದರ ಹಿಂದೆ ಬರುವದು. ಎರಡು ಸಲ ಬೀಜ ಕಳೆದುಕೊಂಡ ಒಕ್ಕಲಿಗನು ಮೂರನೆಯ ಸಲ ಕೂರಿಗೆಯನ್ನು ಹೂಡುವಾಗ ಅವನ ಮನಸ್ಸಿನಲ್ಲಿ ಎಷ್ಟು ಧೈರ್ಯವಿರುವದೋ ದೇವರೇ ಬಲ್ಲನು. ಆದರೂ ಕೂರಿಗೆಯು ಸಾಗುವದು. ಅಂಜೂರವು ಚಿಗುರದಿದ್ದರೂ, ಹೊಲವು ಬೆಳೆ ಕೊಡದಿದ್ದರೂ, ಕೊಟ್ಟಿಗೆಯು ಬರಿದಾದರೂ ತಾನು ಕರ್ತನಲ್ಲಿ ಸಂತೋಷಿಸುವೆನೆಂಬ ಪ್ರವಾದಿ ಹಬಕ್ಕೂಕನ ಮಾತು ಪುಸ್ತಕದಲ್ಲಿ ಓದಿದವರಿಗಿಂತ ನಮ್ಮ ಎರೆಯ ಒಕ್ಕಲಿಗರಿಗೆ ಬೇಗ ತಿಳಿದೀತು.

ಆದುದರಿಂದ ಗೃಹಸ್ಥರೇ, ಗೃಹಿಣಿಯರೇ, ಕಷ್ಟಕಾಲವು ಬರುವ ಮುಂಚೆಯೇ ನಿಮ್ಮ ಕೈಗೆ ಒಂದು ಸಣ್ಣ ರೂಢಿಯನ್ನು ಹಚ್ಚಿರಿ. ಹಿಡಿ ಕಾಳಾಗಲಿ, ನೆರೆಯ ಮುದುಕಿಗೆ ಒಂದು ಕೊಡ ನೀರಾಗಲಿ, ಬಡವರ ಮಗುವಿಗೆ ಒಂದು ತಾಸಿನ ಪಾಠವಾಗಲಿ, ನಿಮ್ಮ ಮತವು ಯಾವುದೇ ಇರಲಿ, ಅದನ್ನು ದೇವರ ಹೆಸರಿನಲ್ಲಿ ಪ್ರತಿದಿನ ಮಾಡಿರಿ. ದೊಡ್ಡದಾಗಿದ್ದರೆ ಅದು ಬರಗಾಲದಲ್ಲಿ ನಿಂತುಹೋಗುವದು. ಆದುದರಿಂದ ಸಣ್ಣದೇ ಇರಲಿ. ಮಳೆಯ ದಿನವನ್ನು ನಿಶ್ಚಯಿಸುವವನು ಆತನು. ಹೊತ್ತು ಮುಳುಗುವ ವರೆಗೆ ಕೈ ಇಳಿಯದಂತೆ ನೋಡಿಕೊಳ್ಳುವದು ನಮ್ಮದು, ನಮ್ಮ ನೆರೆಯವರದು.